ಬರ್ತ್‌ಡೇ ರಿಟರ್ನ್ ಗಿಫ್ಟ್ ಬ್ಯಾಗ್: ಕಡಿಮೆ ಖರ್ಚಲ್ಲಿ ಹೇಗೆ?

ಪ್ರಶ್ನೆ: ಮಗಳ ಬರ್ತ್‌ಡೇಗೆ 2ರಿಂದ 8 ವರ್ಷದವರೆಗಿನ ಮಕ್ಕಳು ಬರುತ್ತಾರೆ. ಬ್ಯಾಗಿಗೆ ಏನು ಹಾಕಲಿ? ಜಾಸ್ತಿ ಖರ್ಚು ಮಾಡುವ ಹಾಗಿಲ್ಲ, ಹಾಗಂತ ಮನೆ ಮುಟ್ಟುವಷ್ಟರಲ್ಲಿ ಮುರಿದುಹೋಗುವ ಸಾಮಾನು ಕೊಡೋಕೂ ಮನಸ್ಸಿಲ್ಲ.

ಉತ್ತರ 1: ಸುಮ್ನೆ ಐದಾರು ಚಿಲ್ಲರೆ ಆಟಿಕೆ ತುಂಬುವ ಬದಲು ಒಂದೇ ಒಳ್ಳೆ ವಸ್ತು ಕೊಡಿ. ದೊಡ್ಡ ಪ್ಯಾಕ್ ಕ್ರೇಯಾನ್ಸ್ ತಂದು ಬಿಡಿಸಿ ಹಂಚಿದರೆ ಒಬ್ಬೊಬ್ಬರಿಗೆ ಬೀಳುವ ಖರ್ಚು ಕಡಿಮೆ, ಕಥೆಪುಸ್ತಕದ ಸೆಟ್ಟನ್ನೂ ಹೀಗೇ ಬಿಡಿಬಿಡಿಯಾಗಿ ಕೊಡಬಹುದು.

ಉತ್ತರ 2: 3 ವರ್ಷದೊಳಗಿನವರ ಬ್ಯಾಗ್ ಬೇರೆ ಇಡಿ. ಗೋಲಿ, ಪುಟ್ಟ ಚೆಂಡು, ಊದದ ಬಲೂನ್ ಬೇಡವೇ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಅವರಿಗೆ ದಪ್ಪ ಹಾಳೆಯ ಚಿತ್ರಪುಸ್ತಕ ಸಾಕು.

ಉತ್ತರ 3: ಬ್ಯಾಗಿಗೇ ಯಾಕೆ ದುಡ್ಡು? ಬ್ರೌನ್ ಪೇಪರ್ ಕವರ್ ಮೇಲೆ ಮಗಳ ಕೈಲೇ ಚಿತ್ರ ಬಿಡಿಸಿ. ಒಂದೆರಡು ಜಾಸ್ತಿ ಮಾಡಿಡಿ, ತಮ್ಮ ತಂಗಿಯರೂ ಜೊತೆಗೆ ಬಂದೇ ಬರುತ್ತಾರೆ ಅಲ್ವಾ?