ಮಾದರಿ ರೈಲು ಎಂಜಿನ್ನಿಗೆ ಯಾವ ಎಣ್ಣೆ, ಎಷ್ಟು ಎಣ್ಣೆ? ಬೀದರ್‌ನವರ ಪ್ರಶ್ನೆಗೆ ನಮ್ಮ ಅನುಭವಗಳು

ಬೀದರ್‌ನಿಂದ ಬಂದ ಪ್ರಶ್ನೆ:

ನನ್ನ ಬಳಿ 16.5 ಮಿಲಿಮೀಟರ್ ಅಗಲದ ಹಳಿಯ ಮೇಲೆ ಓಡುವ ಎಚ್‌ಓ ಅಳತೆಯ (ನಿಜ ರೈಲಿನ 87ರಲ್ಲಿ ಒಂದು ಪಾಲು) ಒಂದು ಡೀಸೆಲ್ ಎಂಜಿನ್ ಮಾದರಿ ಇದೆ. ಬೇಸಿಗೆಯಲ್ಲಿ ಕಿರುಗುಟ್ಟುತ್ತಿತ್ತೆಂದು ಮನೆಯಲ್ಲಿದ್ದ ತೆಂಗಿನೆಣ್ಣೆಯನ್ನೇ ಗೇರುಗಳಿಗೆ ಬಿಟ್ಟೆ. ಆಗ ಚೆನ್ನಾಗಿಯೇ ಓಡಿತು. ಈಗ ಡಿಸೆಂಬರ್‌ನಲ್ಲಿ ಬೆಳಿಗ್ಗೆ ಗುಂಯ್ ಎನ್ನುತ್ತದೆ, ಕದಲುವುದಿಲ್ಲ. ಮಧ್ಯಾಹ್ನ ಬಿಸಿಲೇರಿದ ಮೇಲೆ ಹೊರಡುತ್ತದೆ, ಅದೂ ನಡುನಡುವೆ ನಿಂತು ನಿಂತು. ಸ್ವಚ್ಛಗೊಳಿಸುವ ಕ್ರಮವನ್ನೂ ನಮ್ಮ ಕಡೆ ಸಿಗುವ ಎಣ್ಣೆಯನ್ನೂ ಬಲ್ಲವರು ತಿಳಿಸಬೇಕಾಗಿ ವಿನಂತಿ.

ಕಲಬುರಗಿಯಿಂದ:

ಸರ್, ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಚಳಿಗಾಲದ ಮುಂಜಾನೆ ಬಚ್ಚಲ ಗೂಡಿನ ಬಾಟಲಿಯಲ್ಲಿ ಏನಾಗುತ್ತದೆಯೋ ಅದೇ ನಿಮ್ಮ ಗೇರುಗಳ ನಡುವೆಯೂ ಆಗಿದೆ. ಆ ಸ್ಥಿತಿಯಲ್ಲಿ ಮತ್ತೆ ಮತ್ತೆ ಕರೆಂಟ್ ಕೊಡಬೇಡಿ. ತಿರುಗಲಾಗದ ಮೋಟಾರು ಹೆಚ್ಚು ಕರೆಂಟ್ ಎಳೆದು ಒಳಗಿನ ಸುರುಳಿಯನ್ನು ಸುಟ್ಟುಕೊಳ್ಳಬಹುದು.

ಮೇಲ್ಕವಚವನ್ನು ತೆಗೆದು, ಎಂಜಿನ್ನನ್ನು ಮಡಿಸಿದ ಟವೆಲ್ಲಿನ ನಡುವೆ ಬೋರಲಾಗಿ ಇಟ್ಟುಕೊಳ್ಳಿ. ಪ್ರತಿ ಸ್ಕ್ರೂ ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ, ಏಕೆಂದರೆ ಚಕ್ರಗಳ ಹಿಂಬದಿಗೆ ಒತ್ತಿಕೊಂಡು ಹಳಿಯಿಂದ ಕರೆಂಟ್ ಪಡೆಯುವ ತೆಳುವಾದ ತಗಡಿನ ಪಟ್ಟಿಗಳು ಮೊದಲು ಯಾವ ಬದಿಗೆ ಬಾಗಿದ್ದವು ಎಂಬುದು ಜೋಡಿಸುವಾಗ ನೆನಪಿರುವುದಿಲ್ಲ. ಬಿಚ್ಚಿ ತೆಗೆದ ಪ್ಲಾಸ್ಟಿಕ್ ಗೇರುಗಳನ್ನು ಪಾತ್ರೆ ತೊಳೆಯುವ ಸೋಪು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಹಲ್ಲು ಹಲ್ಲಿನ ನಡುವೆ ತಿಕ್ಕಿ, ಪೂರ್ತಿ ಒಣಗಿಸಬೇಕು. ಮೋಟಾರಿಗೆ ಮಾತ್ರ ನೀರು ತಾಕಬಾರದು.

ನಡುನಡುವೆ ನಿಲ್ಲುವುದು ಬೇರೆಯ ರೋಗ. ಅದು ಚಕ್ರದ ಮೇಲೆ ಕೂತ ಕಪ್ಪು ಜಿಡ್ಡಿನಿಂದ ಬರುತ್ತದೆ. ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಚಿಕ್ಕ ಬಾಟಲಿ ತನ್ನಿ. ಹತ್ತಿ ಸುತ್ತಿದ ಕಡ್ಡಿಯನ್ನು ಅದರಲ್ಲಿ ಅದ್ದಿ, ಕರೆಂಟ್ ಬಂದ್ ಮಾಡಿ, ಚಕ್ರವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಒರೆಸಬೇಕು. ನನ್ನ ಎಂಜಿನ್ನಿನ ಒಂದೇ ಚಕ್ರಕ್ಕೆ ಮೂರು ಕಡ್ಡಿ ಕಾಡಿಗೆಯಂತಾದವು. ನಾಲ್ಕನೆಯದು ಬೆಳ್ಳಗೆ ಬಂದಾಗಲೇ ನಿಲ್ಲಿಸಿದೆ. ಮರಳು ಕಾಗದದಿಂದ ತಿಕ್ಕುವ ಆಸೆ ಬೇಡ, ಅದು ಮೂಡಿಸುವ ಗೀರುಗಳಲ್ಲಿ ಜಿಡ್ಡು ಇನ್ನೂ ಬೇಗ ಕೂರುತ್ತದೆ. ಈ ದ್ರವವು ಬಣ್ಣವನ್ನು ಎಬ್ಬಿಸುವುದರಿಂದ ಮೇಲ್ಕವಚದ ಹತ್ತಿರ ತರಬೇಡಿ, ಮತ್ತು ಬೆಂಕಿ ಹಿಡಿಯುವುದರಿಂದ ಅದು ಆರಿದ ಮೇಲೆಯೇ ಕರೆಂಟ್ ಕೊಡಿ. ಹಳಿಗಳನ್ನೂ ಇದರಿಂದಲೇ ಒರೆಸಿ. ಚಕ್ರ ಮಾತ್ರ ಒರೆಸಿದರೆ ಎರಡೇ ಸುತ್ತಿನಲ್ಲಿ ಮತ್ತೆ ಕಪ್ಪಾಗುತ್ತದೆ.

ಇನ್ನು ಎಣ್ಣೆ. ಹೊಲಿಗೆ ಯಂತ್ರದ ತೆಳು ಎಣ್ಣೆ ಸಾಕು. ಅದನ್ನು ಸೂಜಿಯ ಮೊನೆಯಲ್ಲಿ ನಿಲ್ಲುವಷ್ಟು ಮಾತ್ರ, ಮೋಟಾರಿನ ದಂಡ ಹೊರಬರುವ ಎರಡು ಬೇರಿಂಗುಗಳಿಗೆ ಒಂದೊಂದು, ಚಕ್ರಗಳ ಅಚ್ಚಿನ ತುದಿಗಳಿಗೆ ಒಂದೊಂದು ಮುಟ್ಟಿಸಿ. ಹೆಚ್ಚು ಹಾಕಿದರೆ ಹೆಚ್ಚು ದಿನ ಬಾಳುತ್ತದೆಂಬ ನಂಬಿಕೆಯಲ್ಲಿ ನಾನು ಒಮ್ಮೆ ಸಿರಿಂಜಿನಿಂದಲೇ ಬಿಟ್ಟಿದ್ದೆ. ಎಣ್ಣೆಯು ಮೋಟಾರಿನೊಳಗೆ ಹರಿದು ಇಂಗಾಲದ ಬ್ರಷ್‌ಗಳ (ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡುಗಳು) ಪುಡಿಯೊಂದಿಗೆ ಕಲಸಿ ಕೆಸರಾಯಿತು. ಅದನ್ನು ಒರೆಸಿ ತೆಗೆಯಲು ಒಂದು ಇಡೀ ಭಾನುವಾರ ಹೋಯಿತು.

ಯಾದಗಿರಿಯಿಂದ:

ಮೇಲಿನವರ ಮಾತಿಗೆ ಎರಡು ಸೇರಿಸುತ್ತೇನೆ. ಬೋಗಿಗಳ ಒಳಗಿನ ಗೇರುಗಳಿಗೆ ತೆಳು ಎಣ್ಣೆ ನಿಲ್ಲುವುದಿಲ್ಲ. ಪ್ಲಾಸ್ಟಿಕ್ಕಿಗೆ ಹೊಂದುವ ಬಿಳಿ ಗ್ರೀಸನ್ನು ಹಲ್ಲುಕಡ್ಡಿಯ ತುದಿಯಲ್ಲಿ ತೆಗೆದು ವರ್ಮ್ ಗೇರಿಗೆ (ಸ್ಕ್ರೂವಿನಂತೆ ಸುರುಳಿ ಹಲ್ಲಿರುವ ಗೇರು) ಸವರಿದರೆ, ಅದು ತಿರುಗುತ್ತ ಉಳಿದ ಗೇರುಗಳಿಗೆ ತಾನೇ ಹಂಚಿಕೊಳ್ಳುತ್ತದೆ. (ಬೋಗಿ ಎಂದರೆ ಇಲ್ಲಿ ಡಬ್ಬಿಯಲ್ಲ, ಚಕ್ರಗಳನ್ನು ಹಿಡಿದಿರುವ ಚೌಕಟ್ಟು, ನಮ್ಮ ಕಡೇಚೂರಿನ ರೈಲ್ವೆ ಕಾರ್ಖಾನೆಯ ಹೆಸರಿನಲ್ಲಿರುವ ಬೋಗಿಯೂ ಅದೇ.) ನಮ್ಮ ಬೇಸಿಗೆ 40 ಡಿಗ್ರಿ ದಾಟುವುದರಿಂದ, ಕಿಟಕಿಯ ಪಕ್ಕದ ಗಾಜಿನ ಕಪಾಟಿನಲ್ಲಿಟ್ಟ ಎಂಜಿನ್ನಿನಲ್ಲಿ ಗ್ರೀಸು ಇಳಿದು ಚಕ್ರದವರೆಗೆ ಬಂದದ್ದನ್ನು ಕಂಡಿದ್ದೇನೆ, ಆದ್ದರಿಂದ ಕಡಿಮೆಯೇ ಇರಲಿ.

ಎರಡನೆಯದು, ಕೆಲವು ಎಂಜಿನ್ನುಗಳ ಒಂದೆರಡು ಚಕ್ರಗಳಿಗೆ ಹಿಡಿತಕ್ಕಾಗಿ ರಬ್ಬರ್ ಬಳೆ ತೊಡಿಸಿರುತ್ತಾರೆ. ಎಣ್ಣೆ ತಾಕಿದರೆ ಅದು ಉಬ್ಬಿ ಕಳಚುತ್ತದೆ. ನಿಮ್ಮದರಲ್ಲಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಕಲಬುರಗಿಯ ಇನ್ನೊಬ್ಬರಿಂದ:

ಹಳಿಯನ್ನು ನೇರವಾಗಿ ನೆಲದ ಪರಸಿಯ ಮೇಲೆ ಹಾಸುವವರಾದರೆ ಅಚ್ಚುಗಳನ್ನು ಭೂತಗನ್ನಡಿ ಹಿಡಿದು ನೋಡಿ. ನಾನು ಎಣ್ಣೆ ಸಾಲದೆಂದು ತಿಳಿದಿದ್ದ ಎಂಜಿನ್ನಿನ ಅಚ್ಚಿಗೆ ತಲೆಗೂದಲು ಮತ್ತು ಚಾದರದ ಎಳೆಗಳು ದಾರದ ಉಂಡೆಯಂತೆ ಸುತ್ತಿಕೊಂಡಿದ್ದವು. ಚಿಮಟದಿಂದ ಎಳೆದು ತೆಗೆದ ಮೇಲೆ ಎಣ್ಣೆಯ ಅಗತ್ಯವೇ ಬೀಳಲಿಲ್ಲ. ಈಗ ಹಲಗೆಯ ಮೇಲಷ್ಟೇ ಓಡಿಸುತ್ತೇನೆ.

ಬೀದರ್‌ನಿಂದ ಮತ್ತೆ:

ಎಲ್ಲರಿಗೂ ಧನ್ಯವಾದಗಳು. ಗೇರುಗಳನ್ನು ತೊಳೆದಾಗ ನೀರಿನ ಮೇಲೆ ತೆಂಗಿನೆಣ್ಣೆಯ ಕಣ್ಣುಗಳು ತೇಲಿದವು. ಜೋಡಿಸಿದ ಮೇಲೆ ಹೊರೆಯಿಲ್ಲದೆ ಮುಂದಕ್ಕೆ ಅರ್ಧ ಗಂಟೆ, ಹಿಂದಕ್ಕೆ ಅರ್ಧ ಗಂಟೆ ನಿಧಾನವಾಗಿ ಓಡಿಸಿದೆ. ಇಂದು ಬೆಳಿಗ್ಗೆ ಆರೂವರೆಗೆ, ಸ್ವೆಟರ್ ಹಾಕಿಕೊಂಡೇ ಕೂತು ಸ್ವಿಚ್ ಒತ್ತಿದೆ. ನಾಲ್ಕು ಡಬ್ಬಿಗಳನ್ನು ಎಳೆದುಕೊಂಡು ಹೊರಟಿತು. ಒಂದು ತಿರುವಿನಲ್ಲಿ ಮಾತ್ರ ಇನ್ನೂ ತಡವರಿಸುತ್ತಿದೆ, ಅಲ್ಲಿಯ ಹಳಿಯನ್ನು ಸಂಜೆ ಒರೆಸುವವನಿದ್ದೇನೆ.