ಒವನ್ ಜಾಗ ಬದಲಾಯಿತು, ವೈರ್ ಸಾಲುತ್ತಿಲ್ಲ: ಈ ವಾರದ ಕರೆಂಟ್ ಪ್ರಶ್ನೋತ್ತರ

ವೈರ್‌ಮನ್ ಅಣ್ಣ: ನಮಸ್ಕಾರ. ಈ ವಾರ ಅಡುಗೆಮನೆ. ಒವನ್, ಇಂಡಕ್ಷನ್ ಒಲೆ ಜಾಗ ಬದಲಿಸಿದವರು ಕೇಳಿ. ಎಷ್ಟು ವಾಟ್, ಎಷ್ಟು ಸ್ಕ್ವೇರ್ ಎಂಎಂ ವೈರ್ (ಅಂದರೆ ವೈರಿನ ದಪ್ಪ), ಎರಡನ್ನೂ ಬರೆಯಿರಿ. ಅದಿಲ್ಲದೆ ಕೇಳಿದರೆ ನಾನೇನು ಕವಡೆ ಹಾಕಿ ನೋಡಲಾ?

ಶಿರಸಿ ಮಳೆ: 2,000 ವಾಟ್ ಇಂಡಕ್ಷನ್ ಒಲೆ. ಕಿಟಕಿ ಪಕ್ಕಕ್ಕೆ ತಂದೆವು. ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಬಹುದಾ?

ವೈರ್‌ಮನ್ ಅಣ್ಣ: ಬೇಡ. 2,000ವನ್ನು ಮನೆ ಕರೆಂಟಿನ 230 ವೋಲ್ಟಿನಿಂದ ಭಾಗಿಸಿ, ಹತ್ತಿರ ಹತ್ತಿರ 9 ಆಂಪ್. ಅಂಗಡಿಯ ಮಾಮೂಲಿ ಬಾಕ್ಸ್ 6 ಆಂಪ್‌ನದು. ಕಿಟಕಿ ಪಕ್ಕ 16 ಆಂಪ್ ಸಾಕೆಟ್ ಹಾಕಿಸಿ, 2.5 ಸ್ಕ್ವೇರ್ ಎಂಎಂ ವೈರ್ ಎಳೆಸಿ.

ಹಾಸನದ ಹಳೇ ಮನೆ: ಅಣ್ಣ, ನಮ್ಮದು 2,900 ವಾಟ್ ಒವನ್. ಅಡುಗೆಮನೆ ರಿಪೇರಿ ಆದಾಗ ಎದುರು ಗೋಡೆಗೆ ಹೋಯಿತು. ಹಳೇ ಸಾಕೆಟ್ಟಿನಿಂದ 12 ಅಡಿ ದೂರ. ಕಪಾಟು ಮಾಡಿದ ಬಡಗಿಯೇ ಒವನ್ ವೈರ್ ಕತ್ತರಿಸಿ, ಬೇರೆ ವೈರ್ ಸೇರಿಸಿ, ತಿರುಚಿ, ಕಪ್ಪು ಟೇಪ್ ಸುತ್ತಿ, ಕಪಾಟಿನ ಹಿಂದೆ ಬಿಟ್ಟಿದ್ದಾರೆ. ನೋಡಲು ನೀಟಾಗಿದೆ, ವೈರೇ ಕಾಣುವುದಿಲ್ಲ. ಉಳಿದ ತುಂಡಿನ ಮೇಲೆ 1 ಸ್ಕ್ವೇರ್ ಎಂಎಂ ಅಂತಿದೆ. ಈಗ ಕೇಕ್ ಇಟ್ಟಾಗಲೆಲ್ಲ ಅರ್ಧ ಗಂಟೆಗೆ ಮೀನಿನ ವಾಸನೆ. ನಾವು ಮೀನು ತಿನ್ನುವವರಲ್ಲ. ಅತ್ತೆ ಪಕ್ಕದ ಮನೆಯವರನ್ನು ಬೈಯುತ್ತಿದ್ದಾರೆ.

ವೈರ್‌ಮನ್ ಅಣ್ಣ: ಮೊದಲು ಆ ಲೈನಿನ ಎಂಸಿಬಿ (ಕರೆಂಟ್ ಜಾಸ್ತಿ ಹರಿದರೆ ತಾನೇ ಬೀಳುವ ಸ್ವಿಚ್ಚು) ಇಳಿಸಿ. ಆಮೇಲೆ ಮುಂದೆ ಓದಿ.

ಆ ವಾಸನೆ ಪಕ್ಕದ ಮನೆಯದಲ್ಲ. ಸಾಕೆಟ್, ಸ್ವಿಚ್ಚು, ವೈರಿನ ಪ್ಲಾಸ್ಟಿಕ್ ವಿಪರೀತ ಕಾದರೆ ಹಳಸಿದ ಮೀನಿನ ಹಾಗೆ ನಾರುತ್ತದೆ. ಸುಟ್ಟ ವಾಸನೆ ಬರುವುದಕ್ಕೆ ಮುಂಚೆ ಬರುವ ಎಚ್ಚರಿಕೆ ಇದು.

2,900 ವಾಟ್ ಅಂದರೆ 12.6 ಆಂಪ್. ಅದಕ್ಕೆ 1 ಸ್ಕ್ವೇರ್ ಎಂಎಂ ವೈರ್ ಸಾಲದು. ನನಗೆ ಅದಕ್ಕಿಂತ ಜಾಸ್ತಿ ಭಯ ಜಾಯಿಂಟಿನದು. ತಿರುಚಿದ ಕಡೆ ಒಂದು ಓಮಿನ ಹತ್ತನೇ ಒಂದು ಪಾಲು ರೆಸಿಸ್ಟೆನ್ಸ್ ಇದ್ದರೂ ಸಾಕು. ಆಂಪ್ ಗುಣಿಸು ಆಂಪ್ ಗುಣಿಸು ಓಮ್, ಅಂದರೆ 12.6 ಗುಣಿಸು 12.6 ಗುಣಿಸು 0.1, ಸುಮಾರು 16 ವಾಟ್ ಶಾಖ. ರೇಡಿಯೋ ರಿಪೇರಿಯ ಸಣ್ಣ ಸೋಲ್ಡರಿಂಗ್ ಐರನ್ 25 ವಾಟ್. ಅಂಥದ್ದೊಂದನ್ನು ಟೇಪಿನಲ್ಲಿ ಸುತ್ತಿ, ಪ್ಲೈವುಡ್ ಹಿಂದೆ ತುರುಕಿ, ಕೇಕ್ ಬೇಯುವ ತನಕ ಆನ್ ಇಟ್ಟ ಹಾಗಾಯಿತು ನಿಮ್ಮ ಮನೆಯಲ್ಲಿ. ಮಾಮೂಲಿ ಪಿವಿಸಿ ವೈರ್ ತಾಳುವುದು 70 ಡಿಗ್ರಿ. ಕಾದಾಗ ತಾಮ್ರ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ಒಂದೊಂದು ಕೇಕಿಗೂ ಜಾಯಿಂಟ್ ಇನ್ನಷ್ಟು ಸಡಿಲ.

ಎಂಸಿಬಿ ಬೀಳಲಿಲ್ಲವಲ್ಲ ಅಂತ ಸಮಾಧಾನ ಪಡಬೇಡಿ. ಅದಕ್ಕೆ ಕಾಣುವುದು ಆಂಪ್ ಮಾತ್ರ. ಆಂಪ್ ಸರಿಯಾಗೇ ಇದೆ. ಕಪಾಟಿನ ಹಿಂದೆ ಬಿಸಿಯಾಗುತ್ತಿರುವ ಜಾಯಿಂಟ್ ಅದಕ್ಕೆ ಗೊತ್ತಾಗುವುದಿಲ್ಲ. ಆರ್‌ಸಿಸಿಬಿ ಅಂತ ಇನ್ನೊಂದು ಸ್ವಿಚ್ಚಿದೆ, ಅದು ಕರೆಂಟ್ ಸೋರಿಕೆ ಹಿಡಿಯುತ್ತದೆ, ಸಡಿಲ ಜಾಯಿಂಟನ್ನಲ್ಲ.

ಈಗ ಮಾಡಬೇಕಾದ್ದು. ಒವನ್ನಿನ ವೈರ್ ಉದ್ದ ಮಾಡಬೇಡಿ, ಸಾಕೆಟ್ಟನ್ನೇ ಒವನ್ ಹತ್ತಿರ ತನ್ನಿ. ಎಲ್ಲಕ್ಕಿಂತ ಒಳ್ಳೆಯದು ಡಿಬಿಯಿಂದಲೇ (ಎಂಸಿಬಿಗಳಿರುವ ಡಬ್ಬಿ) ಜಾಯಿಂಟ್ ಇಲ್ಲದ ಹೊಸ 4 ಸ್ಕ್ವೇರ್ ಎಂಎಂ ಲೈನ್. ಗೋಡೆ ಒಡೆಯಲು ಮನಸ್ಸಿಲ್ಲದಿದ್ದರೆ ಹಳೇ ಸಾಕೆಟ್ಟಿನ ಡಬ್ಬಿಯನ್ನೇ ಜಂಕ್ಷನ್ ಬಾಕ್ಸ್ ಮಾಡಿಸಿ. ಒಳಗೆ 32 ಆಂಪ್ ಕನೆಕ್ಟರ್, ಫೇಸ್, ನ್ಯೂಟ್ರಲ್, ಅರ್ಥ್ ಮೂರಕ್ಕೂ. ಮುಚ್ಚಳ ಕೈಗೆ ಸಿಗುವಂತಿರಲಿ, ಟೈಲ್ಸ್ ಅಡಿಗೆ ಹೂಳಬೇಡಿ. ಗೋಡೆಯೊಳಗಿನ ವೈರಿಗಿಂತ ಸಣ್ಣದನ್ನು ಮುಂದಕ್ಕೆ ಎಳೆಯಬೇಡಿ. ಗೋಡೆ ಮೇಲೆ ವೈರ್ ಮುಚ್ಚುವ ಕೇಸಿಂಗ್ ಪಟ್ಟಿ ನೇರ ಕೆಳಗೆ, ನೇರ ಅಡ್ಡ, ನೇರ ಮೇಲೆ. ಓರೆಯಾಗಿ ಗೋಡೆಯೊಳಗೆ ಎಳೆದರೆ ಮುಂದೊಂದು ದಿನ ಕ್ಯಾಲೆಂಡರ್ ಮೊಳೆ ಅದರ ಮೇಲೇ ಬೀಳುತ್ತದೆ. ಹೊಸ ಸಾಕೆಟ್ ಒವನ್ ಬೆನ್ನ ಹಿಂದೆ ಬೇಡ, ಪಕ್ಕದ ಕಪಾಟಿನಲ್ಲಿರಲಿ. ಇದೆಲ್ಲ ಲೈಸೆನ್ಸ್ ಇರುವವರ ಕೆಲಸ. ಬಡಗಿಗೆ ಬಡಗಿ ಕೆಲಸ ಕೊಡಿ.

ಕಾಣದಿದ್ದ ಮಾತ್ರಕ್ಕೆ ನೀಟು ಅಂತ ಅಲ್ಲ, ತಾಯಿ. ಹಳೇ ಸಾಕೆಟ್ ಮುಟ್ಟಿದರೆ ಬಿಸಿ ಇತ್ತಾ? ಬಣ್ಣ ಕಂದಿದೆಯಾ?

ಬನಶಂಕರಿ ಬಾಲ್ಕನಿ: ಫಾರ್ವರ್ಡ್ ಬಂದಿತ್ತು ಸಾರ್. ಪ್ಲಗ್ ಪಿನ್ನಿಗೆ ತೆಂಗಿನೆಣ್ಣೆ ಸವರಿ ಸಾಕೆಟ್ಟಿಗೆ ಬೆಳ್ಳಿ ಕಾಗದ ಸುತ್ತಿದರೆ ಬಿಸಿ ಆಗುವುದಿಲ್ಲವಂತೆ.

ವೈರ್‌ಮನ್ ಅಣ್ಣ: ತೆಂಗಿನೆಣ್ಣೆ ತಲೆಗೆ. ಬೆಳ್ಳಿ ಕಾಗದ ಕರೆಂಟ್ ಹರಿಸುವ ಅಲ್ಯೂಮಿನಿಯಂ, ಫೇಸ್ ನ್ಯೂಟ್ರಲ್ ಎರಡಕ್ಕೂ ತಾಗಿದರೆ ಶಾರ್ಟ್. ಕಳಿಸಿದವರ ಮನೆಯಲ್ಲಿ ಮೊದಲು ಮಾಡಿ ತೋರಿಸಲಿ.

ತಿಪಟೂರು ತೋಟ: ಒವನ್ ಹಾಕಿದರೆ ನಮ್ಮಲ್ಲಿ ಎಂಸಿಬಿ ಬೀಳುತ್ತಿತ್ತು. 16 ಆಂಪಿನದು ತೆಗೆದು 32ರದು ಹಾಕಿದೆ. ಎರಡು ವರ್ಷದಿಂದ ಏನೂ ಆಗಿಲ್ಲ.

ಮೆಕ್ಯಾನಿಕಲ್ 98: ವೈರ್ ಬದಲಿಸದೆ? ಎಂಸಿಬಿ ಕಾಯುವುದು ವೈರನ್ನು, ಒವನ್ನನ್ನಲ್ಲ. 2.5ರ ವೈರಿಗೆ 32 ಹಾಕಿದರೆ ವೈರೇ ಫ್ಯೂಸ್ ಆಗುತ್ತದೆ.

ತಿಪಟೂರು ತೋಟ: ಪುಸ್ತಕ ಓದಿದವರಿಗೆ ಎಲ್ಲದಕ್ಕೂ ಭಯ. ನಾನು 10 ಎಚ್‌ಪಿ ಪಂಪ್‌ಸೆಟ್ ನಡೆಸುವವನು.

ಮೆಕ್ಯಾನಿಕಲ್ 98: ಪಂಪ್‌ಸೆಟ್ ತೋಟದಲ್ಲಿದೆ. ನೀವು ಮಲಗುವುದು ಮನೆಯಲ್ಲಿ.

ತಿಪಟೂರು ತೋಟ: ನಾನೆಲ್ಲಿ ಮಲಗಿದರೆ ನಿಮಗೇನ್ರೀ?

ವೈರ್‌ಮನ್ ಅಣ್ಣ: ಮೆಕ್ಯಾನಿಕಲ್ ಹೇಳಿದ್ದು ಸರಿ. ತೋಟದವರೇ, ನಾಳೆಯೇ 16 ವಾಪಸ್ ಹಾಕಿ, ಯಾಕೆ ಬೀಳುತ್ತಿದೆ ಅಂತ ನೋಡಿಸಿ.

ಮನೆ ಕಟ್ಟುತ್ತಿದ್ದೇವೆ: ಫ್ರಿಡ್ಜಿಗೆ ಸ್ಟೆಬಿಲೈಸರ್ ಬೇಕಾ?

ಲೀಡ್ಸ್ ಕನ್ನಡಿಗ: ಇಲ್ಲಿ ಇಂಗ್ಲೆಂಡಿನಲ್ಲಿ ಕುಕ್ಕರ್ ಅಂದರೆ ಒಲೆ, ಒವನ್ ಸೇರಿದ್ದು. 32 ಆಂಪ್ ಲೈನ್, 6 ಸ್ಕ್ವೇರ್ ಎಂಎಂ ಕೇಬಲ್. ಎರಡು ಮೀಟರ್ ಸರಿಸಬೇಕು. ಗೋಡೆಯೊಳಗೆ ಜಾಯಿಂಟ್ ಮಾಡಿ ಪ್ಲಾಸ್ಟರ್ ಮಾಡಬಹುದಾ?

ವೈರ್‌ಮನ್ ಅಣ್ಣ: ಸ್ಕ್ರೂ ಜಾಯಿಂಟ್ ಅಲ್ಲೂ ಕೈಗೆ ಸಿಗಬೇಕು, ಪ್ಲಾಸ್ಟರ್ ಒಳಗೆ ಹೂಳುವ ಹಾಗಿಲ್ಲ. ಮುಂದಕ್ಕೂ ಅದೇ 6 ಸ್ಕ್ವೇರ್ ಎಂಎಂ ಇರಲಿ. ಅಲ್ಲಿನ ನೋಂದಾಯಿತ ಎಲೆಕ್ಟ್ರಿಷಿಯನ್‌ನ ಕರೆಯಿರಿ. ಇನ್ನೊಂದು ಮಾತು, ಇದು ಎಲ್ಲರಿಗೂ: ಇಂಗ್ಲೆಂಡ್, ಯುರೋಪಿನ ಒವನ್ ವೈರಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್. ನಮ್ಮ ಗೋಡೆಯೊಳಗೆ ಕೆಂಪು, ಹಳದಿ, ನೀಲಿ ಮೂರೂ ಫೇಸ್, ಕಪ್ಪು ನ್ಯೂಟ್ರಲ್. ನೀಲಿಗೆ ನೀಲಿ ಅಂತ ಜೋಡಿಸಿಬಿಟ್ಟೀರಿ!

ಬನಶಂಕರಿ ಬಾಲ್ಕನಿ: ನಮ್ಮ ಎಲೆಕ್ಟ್ರಿಷಿಯನ್ ಬಣ್ಣ ನೋಡುವುದೇ ಇಲ್ಲ, ಟೆಸ್ಟರ್ ಇಡುತ್ತಾನೆ. ಅವನೇ ಬುದ್ಧಿವಂತ ಅಲ್ವಾ?

ಮೆಕ್ಯಾನಿಕಲ್ 98: ಟೆಸ್ಟರ್ ಫೇಸ್ ಹೇಳುತ್ತದೆ. ನ್ಯೂಟ್ರಲ್ ಯಾವುದು, ಅರ್ಥ್ ಯಾವುದು ಹೇಳುತ್ತದಾ?

ಬನಶಂಕರಿ ಬಾಲ್ಕನಿ: ನಾನು ಅಣ್ಣನನ್ನು ಕೇಳಿದ್ದು, ನಿಮ್ಮನ್ನಲ್ಲ.

ತಿಪಟೂರು ತೋಟ: ಅವರಿಗೆ ಎಲ್ಲರ ಮಾತಲ್ಲೂ ಬಾಯಿ ಹಾಕುವ ರೋಗ.

ಶಿವಮೊಗ್ಗ ಸೊಸೆ: ಅಣ್ಣ, ಇಂಡಕ್ಷನ್‌ಗೆ ಎಕ್ಸ್‌ಟೆನ್ಷನ್ ಬಾಕ್ಸ್ ನಡೆಯುತ್ತಾ?

ವೈರ್‌ಮನ್ ಅಣ್ಣ: ಇಲ್ಲ. ಮೇಲಿದೆ.

ಹಾಸನದ ಹಳೇ ಮನೆ: ಸಾಕೆಟ್ ಎಡತೂತಿನ ಹತ್ತಿರ ಕಂದು ಬಣ್ಣ ಆಗಿದೆ ಅಣ್ಣ, ನೋಡಿಯೇ ಇರಲಿಲ್ಲ. ಎಲೆಕ್ಟ್ರಿಷಿಯನ್ ಸೋಮವಾರ ಬರುತ್ತಾರಂತೆ. ನಾಳೆ ಮಗಳ ಹುಟ್ಟುಹಬ್ಬ. ಒಂದೇ ಒಂದು ಕೇಕ್, ನಾನು ಪಕ್ಕದಲ್ಲೇ ನಿಂತಿರುತ್ತೇನೆ. ಪರವಾಗಿಲ್ವಾ?

ವೈರ್‌ಮನ್ ಅಣ್ಣ: ಪರವಾಗಿದೆ, ಬೇಡವೇ ಬೇಡ. ಬೆಂಕಿ ಹತ್ತುವುದು ಕಪಾಟಿನ ಹಿಂದೆ, ನೀವು ನಿಂತಿರುವುದು ಮುಂದೆ. ಕೇಕ್ ಬೇಕರಿಯಿಂದ ತನ್ನಿ. ಎಂಸಿಬಿ ಇಳಿಸಿದಿರಾ?

ಗದಗ ಗಾಳಿ: ಒಳ್ಳೆ ಕಂಪನಿ ಎಕ್ಸ್‌ಟೆನ್ಷನ್ ಬಾಕ್ಸ್ ಆದರೆ ಹಾಕಬಹುದಾ ಸರ್?

ತಿಪಟೂರು ತೋಟ: ಮೆಕ್ಯಾನಿಕಲ್‌ನವರನ್ನು ಕೇಳಿ, ಅವರಿಗೆ ಗೊತ್ತಿಲ್ಲದ್ದಿಲ್ಲ.

ವೈರ್‌ಮನ್ ಅಣ್ಣ: ಇಬ್ಬರೂ ಸುಮ್ನಿರಿ ಸ್ವಲ್ಪ. ಹಾಸನದವರೇ, ಎಂಸಿಬಿ ಇಳಿಸಿದಿರಾ?