ಬಡ್ಡಿ ಇಲ್ಲ ಸರಿ, ನಷ್ಟ ಯಾರ ತಲೆಗೆ? ಇಸ್ಲಾಮಿಕ್ ಹಣಕಾಸು ಮತ್ತು ಗಿಗ್ ಕೆಲಸ: ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ಅರ್ಥಶಾಸ್ತ್ರದಲ್ಲಿ ಈಗಷ್ಟೇ ಪಿಎಚ್‌ಡಿಗೆ ಸೇರಿದ್ದೇನೆ. ಆ್ಯಪ್ ಮೂಲಕ ಡೆಲಿವರಿ, ಸವಾರಿ, ಫ್ರೀಲಾನ್ಸ್ ಥರದ ಗಿಗ್ ಕೆಲಸ ಮಾಡುವವರಿಗೆ ಇಸ್ಲಾಮಿಕ್ ಹಣಕಾಸು ಸಂಸ್ಥೆಗಳಿಂದ ಎಷ್ಟು ಅನುಕೂಲ ಅನ್ನೋದು ನನ್ನ ವಿಷಯ. ಬಡ್ಡಿ ಇಲ್ಲ ಅಂದಮೇಲೆ ಅನುಕೂಲ ಇದ್ದೇ ಇರುತ್ತದೆ ಅಲ್ವಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ನಮಸ್ಕಾರ. ಇದ್ದೇ ಇರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಪಿಎಚ್‌ಡಿ ಯಾಕೆ ಬೇಕು ಹೇಳಿ! ಬಡ್ಡಿ ಇದೆಯೋ ಇಲ್ಲವೋ ಅನ್ನುವುದನ್ನು ಸ್ವಲ್ಪ ಪಕ್ಕಕ್ಕಿಡಿ. ಆದಾಯ ಕೈಕೊಟ್ಟ ತಿಂಗಳಲ್ಲಿ ನಷ್ಟ ಯಾರ ತಲೆಗೆ ಬೀಳುತ್ತದೆ ಅಂತ ನೋಡಿ. ಅಲ್ಲಿಂದಲೇ ಶುರು ಮಾಡಿ.

ಒಂದು ಬೈಕಿನ ಲೆಕ್ಕ ತೆಗೆದುಕೊಳ್ಳೋಣ. ಬೆಲೆ 100 ಅಂತಿಟ್ಟುಕೊಳ್ಳಿ. ಮುರಾಬಹಾದಲ್ಲಿ ಬ್ಯಾಂಕ್ ಬೈಕನ್ನು ತಾನು ಕೊಂಡು, ಲಾಭ ಇಷ್ಟು ಅಂತ ಬಾಯಿಬಿಟ್ಟು ಹೇಳಿ, ಸವಾರನಿಗೆ 120ಕ್ಕೆ ಮಾರುತ್ತದೆ. ತಿಂಗಳಿಗೆ 5ರಂತೆ 24 ಕಂತು. ಏಳನೇ ತಿಂಗಳಲ್ಲಿ ಆ್ಯಪ್ ಅವನ ಖಾತೆ ಬಂದ್ ಮಾಡಿತು ಅನ್ನಿ. ಆಗ 6 ಕಂತು ಕಟ್ಟಿಯಾಗಿದೆ, ಬಾಕಿ 90. ಈ ಬಾಕಿ ಬೆಳೆಯುವುದಿಲ್ಲ. ತಡವಾದರೆ ದಂಡ ಹಾಕುವ ಸಂಸ್ಥೆಗಳೂ ಆ ಹಣವನ್ನು ಲಾಭಕ್ಕೆ ಸೇರಿಸುವ ಹಾಗಿಲ್ಲ, ದಾನಕ್ಕೆ ಕೊಡಬೇಕು. ಇಷ್ಟರ ಮಟ್ಟಿಗೆ ಅನುಕೂಲ ನಿಜ. ಆದರೆ ಬಾಕಿ ಕರಗುವುದೂ ಇಲ್ಲ. ದುಡಿಮೆ ನಿಂತರೂ 90 ಅವನ ಹೆಗಲ ಮೇಲೇ.

ಇಜಾರಾ, ಅಂದರೆ ಬಾಡಿಗೆ ಒಪ್ಪಂದ, ಬೇರೆ ಥರ. ಬೈಕ್ ಸಂಸ್ಥೆಯದ್ದೇ. ಸವಾರನ ತಪ್ಪಿಲ್ಲದೆ ಅದು ಪೂರ್ತಿ ಹಾಳಾದರೆ ಬಾಡಿಗೆ ನಿಲ್ಲಬೇಕು, ನಷ್ಟ ಮಾಲೀಕನದ್ದು. ಕೇಳೋಕೆ ಚೆನ್ನಾಗಿದೆ. ಆದರೆ ಗಿಗ್ ಕೆಲಸಗಾರನಿಗೆ ಜಾಸ್ತಿ ಹೆದರಿಕೆ ಬೈಕ್ ಮುರಿಯುವುದರದ್ದಲ್ಲ, ಖಾತೆ ಮುಚ್ಚುವುದರದ್ದು. ಖಾತೆ ಮುಚ್ಚಿದರೂ ಬೈಕ್ ಮನೆ ಮುಂದೆ ಗಟ್ಟಿಮುಟ್ಟಾಗಿ ನಿಂತಿರುತ್ತದೆ. ಹಾಗಾಗಿ ಬಾಡಿಗೆ ಓಡುತ್ತಲೇ ಇರುತ್ತದೆ. ಬೈಕಿನ ಅಪಾಯ ಹಂಚಿಕೊಂಡ ಸಂಸ್ಥೆ ದುಡಿಮೆಯ ಅಪಾಯ ಹಂಚಿಕೊಂಡಿಲ್ಲ. ನನ್ನ ಕೇಳಿದರೆ ನಿಮ್ಮ ಪ್ರಬಂಧದ ಜೀವ ಇಲ್ಲಿದೆ.

ಲಾಭ ನಷ್ಟ ಎರಡರಲ್ಲೂ ಪಾಲು ತೆಗೆದುಕೊಳ್ಳುವ ಮುಶಾರಕಾ, ಮುದಾರಬಾ ಒಪ್ಪಂದಗಳು ಪುಸ್ತಕದಲ್ಲಿ ಮೆರೆಯುತ್ತವೆ. ಸಣ್ಣ ಸಾಲದ ಕೌಂಟರ್‌ನಲ್ಲಿ ಮಾತ್ರ ಅಪರೂಪ. ದಿನದಿನದ ಗಳಿಕೆಯ ಲೆಕ್ಕ ತಾಳೆ ನೋಡುವ ಖರ್ಚೇ ಲಾಭವನ್ನು ನುಂಗಿಬಿಡುತ್ತದೆ. ಈಗ ಆ್ಯಪ್‌ನಲ್ಲೇ ಪ್ರತಿ ಟ್ರಿಪ್ಪಿನ ದಾಖಲೆ ಇದೆಯಲ್ಲ, ಆ ಖರ್ಚು ಇಳಿಯುತ್ತದೆಯೇ? ಇದನ್ನೂ ಒಂದು ಅಧ್ಯಾಯಕ್ಕೆ ಇಟ್ಟುಕೊಳ್ಳಬಹುದು.

ಪ್ರಶ್ನೆ (ಅದೇ ವಿದ್ಯಾರ್ಥಿ): ಹಾಗಾದರೆ ಬ್ಯಾಂಕ್‌ಗಳನ್ನು ಬಿಟ್ಟು ಸಣ್ಣ ಸಂಸ್ಥೆಗಳನ್ನೇ ನೋಡಲೇ, ಮೇಡಂ?

ಉತ್ತರ: ಎರಡನ್ನೂ ನೋಡಿ, ಒಂದೇ ತಕ್ಕಡಿಗೆ ಹಾಕಬೇಡಿ. ಪಾಕಿಸ್ತಾನದ ಅಖುವತ್ ಅನ್ನುವ ಕಿರುಸಾಲ ಸಂಸ್ಥೆ 2001ರಲ್ಲಿ ಶುರುವಾದದ್ದು, ಕರ್ಜ್ ಹಸನ್ ಮಾದರಿ. ಕೊಟ್ಟಷ್ಟೇ ವಾಪಸ್, ಲಾಭವೂ ಇಲ್ಲ. ಸಾಲ ವಿತರಣೆ ಮಸೀದಿಗಳಲ್ಲಿ ನಡೆಯುವುದುಂಟು, ಸಾಲ ಮಾತ್ರ ಬೇರೆ ಧರ್ಮದವರಿಗೂ ಸಿಗುತ್ತದೆ. ಆದ್ದರಿಂದ ಸ್ಯಾಂಪಲ್‌ಗೆ ಮುಸ್ಲಿಮರನ್ನಷ್ಟೇ ಆರಿಸಿಕೊಳ್ಳಬೇಡಿ. ಇಂಡೋನೇಷ್ಯಾದ ಬಿಎಂಟಿಗಳು (ಬೈತುಲ್ ಮಾಲ್ ವತ್ ತಮ್ವೀಲ್) ಇನ್ನೊಂದು ಬಗೆ. ಅವು ಸಹಕಾರಿ ಸಂಘದ ಥರ, ದಾನದ ಹಣ ಒಂದು ಕಡೆ, ವ್ಯವಹಾರದ ಹಣ ಇನ್ನೊಂದು ಕಡೆ. ಮಾತಾಡಿಸುವಾಗ ಯಾವ ಹಣದಿಂದ ಸಾಲ ಕೊಟ್ಟಿರಿ ಅಂತ ಮರೆಯದೆ ಕೇಳಿ. ದಾನದ ಹಣ ಮುಳುಗಿದರೆ ತಡೆದುಕೊಳ್ಳಬಹುದು. ಠೇವಣಿದಾರರ ಹಣ ಮುಳುಗಿದರೆ ಮ್ಯಾನೇಜರ್‌ಗೆ ನಿದ್ದೆ ಬರಲ್ಲ.

ಪ್ರಶ್ನೆ (ಗುಂಪಿನ ಇನ್ನೊಬ್ಬರು): ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಸಾಲದ ಮಾತು ಆಯಿತು. ಆ್ಯಪ್ ಕಂಪನಿ ಕೂಲಿ ಕೊಡುವ ರೀತಿ ಶರಿಯತ್ ಪ್ರಕಾರ ಸರಿಯೇ?

ಉತ್ತರ: ಒಳ್ಳೆ ಕಡೆ ಕೈಯಿಟ್ಟಿರಿ ಸರ್. ಅದು ಯಾವ ಒಪ್ಪಂದ ಅನ್ನುವುದರ ಮೇಲೆ ಹೋಗುತ್ತದೆ. ಫಿಕ್ಹ್‌ನಲ್ಲಿ, ಅಂದರೆ ಇಸ್ಲಾಮಿಕ್ ಕಾನೂನು ಶಾಸ್ತ್ರದಲ್ಲಿ, ಜುಆಲಾ ಅಂತ ಒಂದಿದೆ. ಇಂಥ ಕೆಲಸ ಮುಗಿಸಿದರೆ ಇಷ್ಟು ಅಂತ ಮೊದಲೇ ಸಾರುವುದು, ಮುಗಿಸಿದವನಿಗೆ ಕೊಡುವುದು. ಪಾರ್ಸೆಲ್ ಮುಟ್ಟಿಸಿದರೆ ದುಡ್ಡು ಅನ್ನುವ ಆ್ಯಪ್‌ಗೆ ಇದು ಚೆನ್ನಾಗಿ ಹೊಂದುತ್ತದೆ, ಕಂಪನಿಗೂ ಇಷ್ಟ. ಕಾದು ಕೂತ ಹೊತ್ತಿಗೆ ಏನೂ ಕೊಡಬೇಕಿಲ್ಲವಲ್ಲ! ಆದರೆ ಕೆಲಸಗಾರ ತನ್ನ ಸಮಯವನ್ನೇ ಒಬ್ಬ ಮಾಲೀಕನಿಗೆ ಒಪ್ಪಿಸಿದ್ದರೆ ಅವನು ಅಜೀರ್ ಖಾಸ್, ಅಂದರೆ ಒಬ್ಬರಿಗೇ ಮೀಸಲಾದ ಕೆಲಸಗಾರ. ಕೆಲಸಕ್ಕೆ ಸಿದ್ಧನಾಗಿ ಹಾಜರಿದ್ದರೆ ಸಾಕು, ಮಾಲೀಕ ಕೆಲಸ ಕೊಡದಿದ್ದರೂ ಕೂಲಿ ಸಲ್ಲಬೇಕು.

ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರ ಉಬರ್ ತೀರ್ಪಿನಲ್ಲಿ ಹೆಚ್ಚು ಕಡಿಮೆ ಇದೇ ಪ್ರಶ್ನೆ ಎದುರಿಸಿತು. ಚಾಲಕ ತನ್ನ ವಲಯದಲ್ಲಿ ಲಾಗಿನ್ ಆಗಿ ಸವಾರಿಗೆ ಸಿದ್ಧನಿದ್ದ ಹೊತ್ತೂ ಕೆಲಸದ ಹೊತ್ತೇ ಅಂತ ಹೇಳಿತು. ಬಂದ ದಾರಿ ಬೇರೆ, ಗಂಟು ಒಂದೇ. ಇನ್ನು ಕಂಪನಿ ಟ್ರಿಪ್ ದರವನ್ನು ಮುಂಚೆ ತೋರಿಸದಿದ್ದರೆ ಜುಆಲಾ ಅಂತ ಹೇಳಿಕೊಳ್ಳುವುದೂ ಕಷ್ಟ. ಕೂಲಿ ಎಷ್ಟು ಅಂತ ಗೊತ್ತಿಲ್ಲದಿದ್ದರೆ ಗರರ್ ಬಂತು, ಅಂದರೆ ಒಪ್ಪಂದವನ್ನೇ ಕೆಡಿಸುವ ಅನಿಶ್ಚಿತತೆ.

ಪ್ರಶ್ನೆ (ವಿದ್ಯಾರ್ಥಿ): ಸರ್ವೆ ಮಾಡೋಕೆ ಇವರನ್ನು ಹುಡುಕುವುದು ಹೇಗೆ? ಪಟ್ಟಿಯೇ ಎಲ್ಲೂ ಸಿಗುತ್ತಿಲ್ಲ.

ಉತ್ತರ: ಸಿಗಲ್ಲ. ಆನ್‌ಲೈನ್ ಗಿಗ್ ಕೆಲಸಗಾರರು ಜಗತ್ತಿನಲ್ಲಿ 15.4 ಕೋಟಿಯಿಂದ 43.5 ಕೋಟಿವರೆಗೆ ಇರಬಹುದು ಅಂತ ವಿಶ್ವಬ್ಯಾಂಕ್ 2023ರಲ್ಲಿ ಅಂದಾಜು ಮಾಡಿತು. ಅಂತರ ನೋಡಿ, ಎಣಿಕೆ ಎಷ್ಟು ಕಷ್ಟ ಅಂತ ತಿಳಿಯುತ್ತದೆ. 2018ರ ಅಂತರರಾಷ್ಟ್ರೀಯ ಕಾರ್ಮಿಕ ಅಂಕಿಅಂಶ ಸಮ್ಮೇಳನ ಅವಲಂಬಿತ ಗುತ್ತಿಗೆದಾರ ಅನ್ನುವ ಹೊಸ ವರ್ಗ ಮಾಡಿತು. ಹೆಸರಿಗೆ ನೌಕರರಲ್ಲ, ಆದರೆ ಕೆಲಸಕ್ಕೋ ಆದಾಯಕ್ಕೋ ಇನ್ನೊಂದು ಸಂಸ್ಥೆಯನ್ನೇ ನೆಚ್ಚಿಕೊಂಡವರು. ನಿಮ್ಮ ವ್ಯಾಖ್ಯೆಗೆ ಅದನ್ನೇ ಬಳಸಿ, ಹೊಸದು ಕಟ್ಟೋಕೆ ಹೋಗಬೇಡಿ.

ಮುಖ್ಯವಾಗಿ ಸಾಲ ಸಿಕ್ಕವರನ್ನಷ್ಟೇ ಮಾತಾಡಿಸಬೇಡಿ. ಸಂಸ್ಥೆಯವರು ಕೊಡುವ ಪಟ್ಟಿಯಲ್ಲಿ ಇರುವುದು ದಾಖಲೆ ಸರಿ ಇದ್ದವರು. ಬೇರೆಯವರ ಹೆಸರಿನ ಖಾತೆಯಲ್ಲಿ ಗಾಡಿ ಓಡಿಸುವವರು, ಅರ್ಜಿ ತಿರಸ್ಕಾರವಾದವರು, ಅರ್ಜಿಯನ್ನೇ ಹಾಕದವರು ಅದರಲ್ಲಿ ಇರಲ್ಲ. ಅನೌಪಚಾರಿಕ ಅಂತ ನಾವು ಕರೆಯುವುದು ಇವರನ್ನೇ ತಾನೇ? ಆದಾಯ ಕೇಳುವಾಗ ಆ್ಯಪ್ ತೋರಿಸುವ ಮೊತ್ತಕ್ಕೆ ಸುಮ್ನೆ ತಲೆ ಆಡಿಸಬೇಡಿ. ಪೆಟ್ರೋಲು, ಡೇಟಾ, ಗ್ಯಾರೇಜು, ಕಮಿಷನ್ ಕಳೆದು ಉಳಿದದ್ದು ಬರೆದುಕೊಳ್ಳಿ. ಸ್ಕ್ರೀನ್‌ಶಾಟ್ ಕೊಟ್ಟರೆ ಹೆಸರು, ಐಡಿ ಅಲ್ಲೇ ಅಳಿಸಿ. ಕಂಪನಿಗೆ ಗೊತ್ತಾದರೆ ಹೊಟ್ಟೆಪಾಡು ಹೋಗುತ್ತದೆ ಅನ್ನುವ ಭಯ ಅವರಿಗಿರುತ್ತದೆ.

ಪ್ರಶ್ನೆ (ಮತ್ತೊಬ್ಬರು): ಈ ಗಿಗ್ ಕೆಲಸಗಾರರಿಗೆ ಜಕಾತ್ (ಮುಸ್ಲಿಮರ ಕಡ್ಡಾಯ ದಾನ) ಕೊಡಬಹುದಾ?

ಉತ್ತರ: ಕುರಾನ್ 9:60ರಲ್ಲಿ ಹೇಳಿದ ಎಂಟು ವರ್ಗಗಳಲ್ಲಿ ಬಡವರೂ ಇದ್ದಾರೆ, ಸಾಲದಲ್ಲಿ ಸಿಕ್ಕವರೂ ಇದ್ದಾರೆ. ಅವುಗಳಲ್ಲಿ ಒಂದಕ್ಕೆ ಸೇರಿದರೆ ಕೊಡಬಹುದು. ಬೈಕ್ ಇದೆಯಲ್ಲ ಅಂತ ಕೆಲವರು ತಕರಾರು ತೆಗೆಯುತ್ತಾರೆ. ದುಡಿಯುವ ಸಾಧನ ನಿಸಾಬ್, ಅಂದರೆ ಜಕಾತ್‌ಗೆ ನೋಡುವ ಆಸ್ತಿಯ ಕನಿಷ್ಠ ಮಿತಿಯ, ಲೆಕ್ಕಕ್ಕೆ ಬರುವುದಿಲ್ಲ. ಆದರೆ ಕಂಪನಿ ಕೊಡಬೇಕಾದ ಅಪಘಾತ ವಿಮೆಯ ಭಾರವನ್ನು ಜಕಾತ್ ನಿಧಿಯ ಮೇಲೆ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ. ಅದಕ್ಕೆ ತಕಾಫುಲ್ ಇದೆ, ಎಲ್ಲರೂ ವಂತಿಗೆ ಹಾಕಿ ಒಬ್ಬರ ನಷ್ಟ ಹಂಚಿಕೊಳ್ಳುವ ಇಸ್ಲಾಮಿಕ್ ವಿಮೆ. ವಂತಿಗೆಯನ್ನು ಪ್ರತಿ ಟ್ರಿಪ್ಪಿನಿಂದ ಇಷ್ಟಿಷ್ಟೇ ಹಿಡಿಯಬಹುದು. ಅದರಲ್ಲಿ ಕಂಪನಿಯ ಪಾಲೆಷ್ಟು, ಕೆಲಸಗಾರನ ಪಾಲೆಷ್ಟು ಅನ್ನುವುದನ್ನೂ ಪಿಎಚ್‌ಡಿ ಮಾಡುವವರು ತಮ್ಮ ಪ್ರಶ್ನಾವಳಿಗೆ ಸೇರಿಸಿಕೊಳ್ಳಲಿ.